ಹಳೆ ಮನೆಯಿಂದ ತಂದ ತಂಪು

ನಮ್ಮ ಹೊಸ ಮನೆಗೆ ಬೇಯಿಸಿದ ರೇಷ್ಮೆಹುಳುಗಳ ಶಾಪ ತಟ್ಟಿದೆ, ಅದಕ್ಕೇ ಅವ್ವ ಅಲ್ಲಿ ಮಲಗುವುದಿಲ್ಲ ಎಂದು ಊರಿನವರು ಈಗಲೂ ಹೇಳುತ್ತಾರೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಇದಕ್ಕಿಂತ ಗಟ್ಟಿ ವಾದಗಳನ್ನು ಕೆಡವಿದ್ದೇನೆ. ನಾವು ಹುಳು ಬೇಯಿಸಿದವರೇ ಅಲ್ಲ. ಸಾಕಿ, ಗೂಡನ್ನು ರಾಮನಗರದ ಮಾರುಕಟ್ಟೆಗೆ ಹಾಕಿ ಬರುತ್ತಿದ್ದೆವು. ಬೇಯಿಸಿ ನೂಲು ತೆಗೆಯುವವರು ಬೇರೆ. ಹಾಗಿದ್ದರೆ ಶಾಪಕ್ಕೆ ವಿಳಾಸ ತಪ್ಪಿತೇ?

ರೇಷ್ಮೆಗೆ ಒಳ್ಳೆಯ ಬೆಲೆಯಿದ್ದ ಕಾಲ ಅದು. ಮಾಗಡಿ ಕಡೆಯ ನಮ್ಮೂರಿನಲ್ಲಿ ಮನೆಯೆಂದರೆ ಹುಳುವಿನದು. ಉಳಿದ ಜಾಗ ಮನುಷ್ಯರದು. ಮದುವೆಯಾಗಿ ಬಂದಂದಿನಿಂದ ಅವ್ವ ಹುಳುವಿನ ತಟ್ಟೆಗಳ ನಡುವೆಯೇ ಚಾಪೆ ಹಾಸಿದವಳು. ಹುಳುವಿಗೆ ಆಗದೆಂದು ಊದುಬತ್ತಿಯನ್ನೂ ಹಚ್ಚದವಳು. ಅಪ್ಪ ಕೊನೆಗೊಂದು ಮಾತು ಕೊಟ್ಟಿದ್ದ: “ಹುಳ ಇಲ್ದಿರೋ ಒಂದು ರೂಮು ನಿಂಗೆ ಕಟ್ಟಿಸ್ತೀನಿ ಕಣಮ್ಮಿ.”

ರೂಮೇನು, ಅಂಗಳದಾಚೆ ಹೊಸ ಮನೆಯನ್ನೇ ಕಟ್ಟಿಸಿದ. ಹಿತ್ತಲಿನ ಮಣ್ಣಿಗೆ ಒಸಿ ಸಿಮೆಂಟು ಬೆರೆಸಿ ಅಚ್ಚೊತ್ತಿದ ಇಟ್ಟಿಗೆ, ಮೇಲೆ ಹೆಂಚು. ಫ್ಯಾನು ಬೇಡವೆಂದವನು ಸಾವನದುರ್ಗದ ತಪ್ಪಲಿನ ಗಾರೆ ಮೇಸ್ತ್ರಿ. ನೆಲದೊಳಗೆ ಆಳವಾಗಿ ಮಣ್ಣಿನ ಕೊಳವೆ ಹೂತರೆ, ಅದರಲ್ಲಿ ಬರುವ ಗಾಳಿ ತಣ್ಣಗಾಗಿ ಅವ್ವನ ರೂಮಿಗೆ ಹೊಮ್ಮುತ್ತದೆ; ಬಿಸಿಗಾಳಿ ಸೂರಿನ ಕಿಂಡಿಯಿಂದ ಹೊರಗೆ. ಕೊಳವೆಯ ಇನ್ನೊಂದು ಬಾಯಿ ಹೊಂಗೆಮರದಡಿ ಇರಲಿ ಎಂದ ಮೇಸ್ತ್ರಿ. ಅಪ್ಪ ಒಪ್ಪಲಿಲ್ಲ. ಹಳೆ ಮನೆ ಈಗ ಪೂರ್ತಿ ಹುಳುವಿಗೇ. ಅಲ್ಲಿ ಕಿಟಕಿಗೆಲ್ಲ ಒದ್ದೆ ಗೋಣಿತಾಟು. ಅಷ್ಟು ತಂಪು ಬೇರೆಲ್ಲಿದೆ? “ಅಲ್ಲಿರೋ ತಂಪನ್ನ ಇಲ್ಲಿಗೆ ಎಳ್ಕಂಡ್ರಾಯ್ತು,” ಎಂದು ಕೊಳವೆಯ ಬಾಯಿಯನ್ನು ಹಳೆ ಮನೆಯೊಳಗೇ ತೆಗೆಸಿದ.

ಮೊದಲ ಮಧ್ಯಾಹ್ನವೇ ಅವ್ವ ಎದ್ದು ಕುಳಿತಳು. “ಇಲ್ಲೂ ತಿಂತಾ ಅವೆ.”

ಕೊಳವೆಗೆ ಕಿವಿಯಿಟ್ಟೆ. ನಿಜ. ಸಾವಿರಾರು ಹುಳುಗಳು ಸೊಪ್ಪು ಮೇಯುವ ಸದ್ದು. ಅಪ್ಪನನ್ನು ಹಳೆ ಮನೆಗೆ ಕಳಿಸಿ ಚಪ್ಪಾಳೆ ತಟ್ಟಿಸಿದೆ. ಅದು ನಮ್ಮ ಕಾಲ ಬಳಿ ಕೇಳಿಸಿತು.

“ಗಾಳಿ ಬರೋ ದಾರೀಲೇ ಸದ್ದೂ ಬತ್ತದೆ ಕಣವ್ವ.”

“ಬಾಯಿ ಐತೆ, ಗೆದ್ದೆ ಬುಡು ಮಗ. ನಂಗೆ ನಿದ್ದೆ ಬರ್ಬೇಕಲ್ಲ.”

ಆ ಬೆಳೆ ಮುಗಿಯಿತು. ಗೂಡು ಮಾರುಕಟ್ಟೆಗೆ ಹೋಯಿತು. ತಟ್ಟೆ ತೊಳೆದು ಬಿಸಿಲಿಗಿಟ್ಟು, ಹಳೆ ಮನೆಗೆ ಸುಣ್ಣ ಬಳಿದೆವು. ನೆಲ ಅಗೆದು ಕೊಳವೆಯನ್ನು ಹೊಂಗೆಮರದಡಿಗೆ ತಿರುಗಿಸಿ, ಹಳೆಯ ದಾರಿಯನ್ನು ಸಿಮೆಂಟಿನಿಂದ ಮುಚ್ಚಿದೆವು. ಎರಡು ಮಧ್ಯಾಹ್ನ ಅವ್ವ ಗೊರಕೆ ಹೊಡೆದಳು. ಅಪ್ಪ ಅದನ್ನು ಕೇಳಲೆಂದೇ ಜಗಲಿಯಲ್ಲಿ ಕುಳಿತಿದ್ದ.

ಮೂರನೆಯ ದಿನ ಸದ್ದು ಮರಳಿತು. ಓಡಿಹೋಗಿ ನೋಡಿದೆ. ಹಳೆ ಮನೆಯಲ್ಲಿ ಸುಣ್ಣದ ವಾಸನೆ ಬಿಟ್ಟರೆ ಏನೂ ಇಲ್ಲ. ಹೊಂಗೆಯ ಒಂದೆಲೆಯೂ ಅಲುಗುತ್ತಿರಲಿಲ್ಲ. ಇರುವೆ ಇರಬೇಕೆಂದೆ. ಮಾರನೆಯ ದಿನವಿಡೀ ಸದ್ದಿಲ್ಲ.

“ನೋಡಿದ್ಯಾ? ಹೋಯ್ತು,” ಎಂದೆ.

ಅವ್ವ ಗೋಡೆಯನ್ನೇ ನೋಡುತ್ತಿದ್ದಳು. “ಜ್ವರಕ್ಕೆ ಕೂತವೆ. ನಾಲ್ಕ್ನೇದು. ನಾಳೆ ಏಳ್ತವೆ.”

ಪೊರೆ ಬಿಡಲು ಹುಳು ಮೇವು ನಿಲ್ಲಿಸಿ ಸುಮ್ಮನಾಗುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕು ಸಲ ಬರುತ್ತದೆ. ನಾಲ್ಕನೆಯದರಿಂದ ಎದ್ದ ಹುಳು ಒಂದು ವಾರ ಹಸಿದಂತೆ ತಿಂದು ಗೂಡು ಕಟ್ಟುತ್ತದೆ.

ಮಾರನೆಯ ದಿನ ಎದ್ದವು. ಆ ಸದ್ದಿಗೆ ಕಿವಿ ತಾಗಿಸಬೇಕಾಗಿರಲಿಲ್ಲ; ಬಾಗಿಲಲ್ಲೇ ಕೇಳುತ್ತಿತ್ತು.

ಅವ್ವ ಚಾಪೆ ಸುತ್ತಿಕೊಂಡು ಹಳೆ ಮನೆಗೆ ಹೊರಟಳು. “ಅಲ್ಲಾದ್ರೆ ಏನೂ ಇಲ್ಲ ಅಂತ ಕಣ್ಣಾದ್ರೂ ಹೇಳ್ತದೆ.” ಅಪ್ಪ ಜಗಲಿಯಿಂದ ಏಳಲಿಲ್ಲ.

ಹುಳು ಇಲ್ಲ ಎಂದು ವಾದಿಸಲು ನನ್ನ ಬಳಿ ಇನ್ನೂ ನಾಲ್ಕು ಅಂಶಗಳಿದ್ದವು. ಒಂದನ್ನೂ ಎತ್ತಲಿಲ್ಲ. ಅಂಗಳದ ನಡುವೆ ಅವಳನ್ನು ತಡೆದು ಕೇಳಿದ್ದು ಇಷ್ಟೇ:

“ಅವ್ವಾ, ವಾರ ಕಳೆದ್ರೆ ಅವು ಗೂಡು ಎಲ್ಲಿ ಕಟ್ತವೆ?”