ಬಿ ಸೈಡಿನ ಕೊನೆಯ ಅರ್ಧ ಹಾಡು

ಬೇಕಾದ ಹಾಡನ್ನು ಚೀಟಿಯಲ್ಲಿ ಬರೆದುಕೊಟ್ಟು, ಅದು ಕ್ಯಾಸೆಟ್ಟಿಗೆ ಇಳಿದು ಕೈಗೆ ಬರಲು ಒಂದು ವಾರ ಕಾಯಬೇಕಾಗಿದ್ದ ಕಾಲ ಅದು. ತೊಂಬತ್ತರ ದಶಕದ ನಡುವಿನ ಮಾತು. ನಾನಾಗ ನಂಜನಗೂಡಿನಲ್ಲಿ ಐದನೇ ಕ್ಲಾಸು ಮುಗಿಸಿದ್ದೆ. ಮನೆಯಲ್ಲಿ ಅಜ್ಜಿ, ಅಪ್ಪ, ಅಮ್ಮ, ನಾನು ಮತ್ತು ಅಪ್ಪನ ತಂಗಿ ಸುಶೀಲತ್ತೆ. ಅತ್ತೆ ತಾಂಡ್ಯದ ಒಂದು ಕಾರ್ಖಾನೆಗೆ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ಒಡವೆಯ ಹುಚ್ಚಿಲ್ಲ, ಸೀರೆಯ ಹುಚ್ಚಿಲ್ಲ. ಅವಳ ಹುಚ್ಚೆಲ್ಲ ಕ್ಯಾಸೆಟ್ಟಿನದು.

ಸಂಬಳ ಬಂದ ಮೇಲಿನ ಮೊದಲ ಭಾನುವಾರ ನನ್ನನ್ನೂ ಕರೆದುಕೊಂಡು ಬಜಾರಿನ ಕ್ಯಾಸೆಟ್ ಅಂಗಡಿಗೆ ಹೊರಡುವಳು. ಅಂಗಡಿಯ ನಾಗರಾಜಣ್ಣ ಹೊಸದಾಗಿ ಬಂದವನ್ನೆಲ್ಲ ಗಾಜಿನ ಮೇಲೆ ಇಸ್ಪೀಟೆಲೆಯಂತೆ ಹರಡುತ್ತಿದ್ದ. ಅತ್ತೆ ಒಂದೊಂದನ್ನೇ ಎತ್ತಿ, ಹಿಂದೆ ಮುಂದೆ ತಿರುಗಿಸಿ, ಹಾಡಿದವರು ಯಾರೆಂದು ಓದಿ, ಕೊನೆಗೆ ಒಂದನ್ನು ಆರಿಸುವಳು. ಜೊತೆಗೆ ಖಾಲಿ ಕ್ಯಾಸೆಟ್ಟೊಂದಕ್ಕೆ ತನಗೆ ಬೇಕಾದ ಹಾಡುಗಳ ಪಟ್ಟಿ ಬರೆದುಕೊಡುವಳು. ಹೊಸ ಕ್ಯಾಸೆಟ್ಟಿನ ಡಬ್ಬಿ ತೆರೆದರೆ ಹೊಸ ಪುಸ್ತಕಕ್ಕೆ ಒಂಚೂರು ಸೀಮೆಎಣ್ಣೆ ಸೋಕಿದಂಥ ವಾಸನೆ. ಮನೆ ಸೇರುವ ತನಕ ಅದನ್ನು ಮೂಸುವ ಹಕ್ಕು ನನ್ನದು.

ಕ್ಯಾಸೆಟ್ಟುಗಳಿಗೆ ಬಿಸ್ಕತ್ತಿನ ದೊಡ್ಡ ತಗಡಿನ ಡಬ್ಬವಿತ್ತು, ಡಬ್ಬದೊಳಗೆ ಒಂದು ನೋಟ್‌ಬುಕ್ಕು. ಪ್ರತಿ ಕ್ಯಾಸೆಟ್ಟಿಗೂ ಒಂದು ನಂಬರು, ಎದುರಿಗೆ ಅತ್ತೆಯ ತೀರ್ಪು: ‘ಪರವಾಗಿಲ್ಲ’, ‘ಮೂರನೇ ಹಾಡು ಮಾತ್ರ’, ‘ಇನ್ನೊಂದು ಸಲ ಕೇಳಬೇಕು’, ‘ದಂಡ’. ಅಜ್ಜಿಗೆ ಇದೆಲ್ಲ ಕಂಡರಾಗದು. “ಕಿವಿಗೊಂದು ಓಲೆ ಮಾಡಿಸ್ಕೊಳದ್ ಬುಟ್ಟು ಡಬ್ಬ ತುಂಬ್ಕೊಂಡು ಕೂತವ್ಳೆ,” ಎಂದು ಗೊಣಗುತ್ತಲೇ ಅಕ್ಕಿ ಕೇರುವಳು. ಹಾಡು ಶುರುವಾದರೆ ಮಾತ್ರ ಮೊರದ ಸದ್ದು ನಿಂತುಹೋಗುತ್ತಿತ್ತು.

ನಾಗರಾಜಣ್ಣನಿಗೆ ಒಂದು ಅಭ್ಯಾಸವಿತ್ತು. ಪಟ್ಟಿಯ ಹಾಡುಗಳೆಲ್ಲ ಮುಗಿದ ಮೇಲೂ ಟೇಪಿನಲ್ಲಿ ಎರಡು ನಿಮಿಷ ಉಳಿದಿದ್ದರೆ ಅದನ್ನು ಖಾಲಿ ಬಿಡುತ್ತಿರಲಿಲ್ಲ. ಕೈಗೆ ಸಿಕ್ಕಿದ್ದನ್ನು ತುಂಬಿ ಕೊಡುತ್ತಿದ್ದ. ಆ ಬೇಸಿಗೆ ರಜೆಯಲ್ಲಿ ತಂದ ನಲವತ್ತೊಂದನೇ ನಂಬರಿನ ಕ್ಯಾಸೆಟ್ಟಿನ ಬಿ ಸೈಡಿನ ಕೊನೆಗೆ ಹೀಗೇ ಒಂದು ಹಾಡು ಬಂತು. ವಾದ್ಯವಿಲ್ಲ, ಬರೀ ಒಂದು ಹೆಣ್ಣುದನಿ. ಗಂಡನ ಊರಿನ ಕೆರೆಗೆ ನೀರಿಗೆ ಬಂದ ಹುಡುಗಿ, ತವರಿನ ಕಡೆಯಿಂದ ಹಾರಿಬಂದ ಕೊಕ್ಕರೆಯನ್ನು ಮಾತಾಡಿಸುತ್ತಾಳೆ. ನಮ್ಮ ಮನೆಯ ಒಲೆ ಹೊಗೆಯಾಡುತ್ತಿತ್ತಾ? ನಾನು ಸಾಕಿದ ಕರು ಹುಲ್ಲು ಮೇಯುತ್ತಿತ್ತಾ? ಎರಡಕ್ಕೂ ಕೊಕ್ಕರೆ ಹೌದೆನ್ನುತ್ತದೆ. ಮೂರನೆಯದಾಗಿ ಕೇಳುತ್ತಾಳೆ, ನನ್ನನ್ನು ಯಾರಾದರೂ ನೆನೆಸಿಕೊಂಡರಾ? ಅಷ್ಟರಲ್ಲಿ ಟಕ್ ಎಂದು ಟೇಪು ನಿಂತುಹೋಯಿತು.

“ಕೊಕ್ಕರೆ ಏನಂತು?” ಎಂದೆ.

“ನಂಗೂ ಅದೇ ಬೇಕು ಕಣೇ,” ಎಂದಳು ಅತ್ತೆ.

ಮಾರನೆಯ ದಿನವೇ ಅಂಗಡಿಗೆ ಹೋದೆವು. ನಾಗರಾಜಣ್ಣ ತಲೆ ಕೆರೆದುಕೊಂಡ. “ರೇಡಿಯೋದಿಂದ ಯಾವತ್ತೋ ಇಳಿಸ್ಕಂಡಿದ್ದು ಅಕ್ಕ. ಅದರ ಮೇಲೆ ಆರ್ಕೆಸ್ಟ್ರಾ ಹಾಡು ತುಂಬ್ಬುಟ್ಟೆ. ಈಗೆಲ್ಲಿ ತರ್ಲಿ?” ಅತ್ತೆ ಮನೆಗೆ ಬಂದು ನೋಟ್‌ಬುಕ್ಕಿನಲ್ಲಿ ನಲವತ್ತೊಂದರ ಎದುರು ‘ಅರ್ಧ’ ಎಂದು ಬರೆದಳು.

ರಜೆಯೆಲ್ಲ ಆ ಅರ್ಧ ಹಾಡಿನ ಜೊತೆಗೇ ಕಳೆಯಿತು. ಹುಣಸೆಹಣ್ಣಿಗೆ ಉಪ್ಪು ಖಾರ ಕುಟ್ಟಿ ಕಡ್ಡಿಗೆ ಚುಚ್ಚಿಕೊಂಡು ಚೀಪುತ್ತ, ಅಳಿಗುಳಿಮಣೆಯ ಮುಂದೆ ಕೂತು, ನಾವಿಬ್ಬರೂ ಉತ್ತರ ಕಟ್ಟುತ್ತಿದ್ದೆವು. ಎಲ್ಲರೂ ಅಳುತ್ತಿದ್ದಾರೆ ಎಂದಿರಬೇಕು ಎಂದು ನಾನು. “ಊಹೂಂ, ಅಂಗಲ್ಲ. ಅದು ಬೇರೆ ಏನೋ ಅದೆ,” ಎಂದು ಅತ್ತೆ. ಆಡುತ್ತ ಆಡುತ್ತ ಹಾಡು ನಮ್ಮಿಬ್ಬರಿಗೂ ಬಾಯಿಪಾಠವಾಯಿತು, ಆ ಟಕ್ಕಿನ ತನಕ.

ರಜೆ ಮುಗಿಯುವ ಹೊತ್ತಿಗೆ ನರಸೀಪುರದಿಂದ ಅತ್ತೆಯನ್ನು ನೋಡಲು ಬಂದರು. ಹುಡುಗ, ಅವನ ತಂದೆತಾಯಿ ಮತ್ತು ಅವನ ಅಜ್ಜಿ ದೇವೀರಮ್ಮ. ಉಪ್ಪಿಟ್ಟು, ಕೇಸರಿಬಾತು ಆದ ಮೇಲೆ ಹುಡುಗನ ತಾಯಿ “ಒಂದು ಹಾಡು ಹೇಳವ್ವ” ಎಂದರು. ದೇವರನಾಮ ಹೇಳಲೆಂದು ಅಜ್ಜಿ ಮೊದಲೇ ಪಾಠ ಮಾಡಿಸಿದ್ದಳು. ಅತ್ತೆಗೆ ಗಾಬರಿಯಲ್ಲಿ ಬಾಯಿಗೆ ಬಂದದ್ದು ಕೊಕ್ಕರೆ ಹಾಡು. ಚೆನ್ನಾಗಿಯೇ ಹಾಡಿದಳು. ಮೂರನೆಯ ಪ್ರಶ್ನೆ ಕೇಳಿ, ಕತ್ತರಿಸಿದ ಹಾಗೆ ನಿಲ್ಲಿಸಿಬಿಟ್ಟಳು. ಎಲ್ಲರೂ ಕಾಯುತ್ತಿದ್ದರು.

“ಅಲ್ಲಿಗೆ ಟೇಪು ಮುಗೀತು,” ಎಂದು ನಾನೇ ವಿವರಿಸಿದೆ.

ಹುಡುಗ ನಕ್ಕ. ದೇವೀರಮ್ಮ ನಗಲಿಲ್ಲ. “ಇನ್ನೂ ಅದೆ ಕಣವ್ವ ಪದ. ಗದ್ದೆ ನಾಟಿ ಆಕುವಾಗ ಇದ್ನೇ ಏಳ್ತಿದ್ವಿ,” ಎಂದರು. ಅತ್ತೆ ತಟ್ಟನೆ ತಲೆಯೆತ್ತಿದಳು. ಅಷ್ಟರಲ್ಲಿ ಗಂಡಸರು ಬಸ್ಸಿಗೆ ಹೊತ್ತಾಯಿತೆಂದು ಎದ್ದರು. ನಾನು ಸುಮ್ಮನಿರಲಾರದೆ ಹುಡುಗನ ತಾಯಿಗೆ ಡಬ್ಬ ತೆರೆದು ತೋರಿಸಿದೆ. “ನಲವತ್ತರ ಮೇಲೆ ಅವೆ! ಎಲ್ಲ ಅತ್ತೆ ಸಂಬಳದ್ದೇ!” ಆಯಮ್ಮನ ಮುಖ ನೋಡಿದ ಅಮ್ಮ ನನ್ನ ತೊಡೆ ಚಿವುಟಿದಳು.

ವಾರದೊಳಗೆ ಮಾತು ಬಂತು. ದುಡಿದದ್ದನ್ನೆಲ್ಲ ಕ್ಯಾಸೆಟ್ಟಿಗೆ ಸುರಿಯುವ ಹೆಣ್ಣು ಸಂಸಾರ ಮಾಡುತ್ತಾಳೆಯೇ, ಬೇಡ ಎಂದರಂತೆ. ಅಜ್ಜಿ ಮೂರು ದಿನ ಡಬ್ಬಕ್ಕೆ ಶಾಪ ಹಾಕಿದಳು. ನಾನು ಮೂಲೆ ಸೇರಿ ಅಳತೊಡಗಿದೆ. ಮದುವೆ ಮುರಿದದ್ದು ನನ್ನ ಬಾಯಿಂದಲೇ ಎಂದು ನನಗೆ ಗೊತ್ತಿತ್ತು. ಅತ್ತೆ ಬಂದು ಪಕ್ಕದಲ್ಲಿ ಕೂತಳು. “ಅಳ್ಬ್ಯಾಡ. ಭಾನುವಾರ ನರಸೀಪುರಕ್ಕೆ ಹೋಗದಾ?”

“ಬ್ಯಾಡ ಅಂದೋರ ಮನೆಗಾ!” ಅಜ್ಜಿ ಒಳಗಿನಿಂದಲೇ ಕೂಗಿದಳು. “ಮಾನ ಮರ್ವಾದೆ ಅದಾ ನಿಂಗೆ?”

“ನಾ ಗಂಡು ಕೇಳಕ್ ಹೋಯ್ತಿಲ್ಲ ಕಣವ್ವ. ಪದ ಕೇಳಕ್ ಹೋಯ್ತಿವ್ನಿ,” ಎಂದಳು ಅತ್ತೆ. ದನಿ ಗಟ್ಟಿಯಾಗಿಯೇ ಇತ್ತು. ಆದರೆ ಭಾನುವಾರ ಬಸ್ಸಿನಲ್ಲಿ ಒಂದು ಚಿಪ್ಪು ಬಾಳೆಹಣ್ಣನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳು ದಾರಿಯುದ್ದಕ್ಕೂ ಅದರ ಹಣ್ಣು ಎಣಿಸುತ್ತಲೇ ಇದ್ದಳು. ಟೇಪ್‌ರೆಕಾರ್ಡರು ನನ್ನ ತೊಡೆಯ ಮೇಲಿತ್ತು.

ಬಾಗಿಲು ತೆರೆದ ಹುಡುಗನ ತಾಯಿ ಒಳಗೆ ಬನ್ನಿ ಎನ್ನಲಿಲ್ಲ, ಹೋಗಿ ಎನ್ನಲೂ ಇಲ್ಲ. ಅತ್ತೆ ಬಂದ ಕೆಲಸ ಹೇಳಿದಳು. ಹಿಂದಿನಿಂದ ದೇವೀರಮ್ಮನ ದನಿ ಬಂತು. “ಪದ ಕೇಳಕ್ ಬಂದವ್ಳಾ? ಬಾ ಮಗ, ಬಾ. ಈ ಮನೇಲಿ ಯಾರೂ ಕೇಳ್ನಿಲ್ಲ.”

ಕರೆಂಟು ಹೋಗಿತ್ತು. ಸೆಟ್ಟಿನಲ್ಲಿದ್ದವು ಹಳೆಯ ಸೆಲ್ಲುಗಳು. ಒಂದು ವಾರದಿಂದ ಬಿಸಿಲಿಗಿಟ್ಟು ಜೀವ ತರಿಸಿದ್ದೆವು. ನಾನು ಖಾಲಿ ಕ್ಯಾಸೆಟ್ಟು ಹಾಕಿ ರೆಕಾರ್ಡಿಂಗಿನ ಎರಡು ಗುಂಡಿಗಳನ್ನೂ ಒಟ್ಟಿಗೆ ಒತ್ತಿದೆ. ಕೆಂಪು ದೀಪ ಹತ್ತಿತು. ದೇವೀರಮ್ಮ ಕಣ್ಣು ಮುಚ್ಚಿ ಮೊದಲಿಂದ ಹಾಡಿದರು. ದನಿ ಒಡೆದಿತ್ತು, ನಡುನಡುವೆ ಉಸಿರು ಸಾಲುತ್ತಿರಲಿಲ್ಲ. ಹಾಡು ಟಕ್ಕಿನ ಜಾಗಕ್ಕೆ ಬಂತು, ದಾಟಿತು. ಕೊಕ್ಕರೆ ಹೇಳಿತು, ನಿನ್ನ ಹೆಸರನ್ನು ಯಾರೂ ಎತ್ತಲಿಲ್ಲ ಕಣವ್ವ, ನೀನು ಉಣ್ಣುತ್ತಿದ್ದ ಗಂಗಳವನ್ನು ಮಾತ್ರ, ನೀನಿಲ್ಲದಿದ್ದರೂ, ದಿನಾ ತೊಳೆದು ಬೋರಲು ಹಾಕುತ್ತಾರೆ. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಬಾಗಿಲಲ್ಲಿ ನಿಂತಿದ್ದ ಹುಡುಗನ ತಾಯಿ ಸರಸರನೆ ಒಳಗೆ ಹೋದರು. ಬರುವಾಗ ನಮ್ಮಿಬ್ಬರಿಗೂ ಕಾಫಿ ತಂದರು.

ಮನೆಗೆ ಬಂದು ಕರೆಂಟಿನಲ್ಲಿ ಹಾಕಿದರೆ ಬೇರೆಯೇ ದನಿ! ಸೆಲ್ಲು ಸೋತು ಟೇಪು ನಿಧಾನವಾಗಿ ಸುತ್ತಿತ್ತು. ಈಗ ಸರಿಯಾದ ವೇಗದಲ್ಲಿ ಸುತ್ತಿದರೆ ದನಿ ತೆಳ್ಳಗಾಗಿ ಕೇಳುತ್ತಿತ್ತು. ಸೆಲ್ಲು ಸೋಲುತ್ತ ಬಂದ ಹಾಗೆ ಹಾಡುವವಳ ವಯಸ್ಸೂ ಇಳಿಯುತ್ತ ಬಂದಿತ್ತು. ಶುರುವಿನಲ್ಲಿ ಮುದುಕಿ, ನಡುವೆ ಹೆಂಗಸು, ಕೊಕ್ಕರೆಯ ಉತ್ತರದ ಹೊತ್ತಿಗೆ ಈಗ ತಾನೇ ಗಂಡನ ಮನೆಗೆ ಬಂದ ಹುಡುಗಿ. ಹಾಳಾಯಿತೆಂದು ನಾನು ಹೆದರಿದೆ. ಅತ್ತೆ ತಲೆಯಿಂದ ಪಿನ್ನು ತೆಗೆದು, ಮತ್ತೆ ಅದರ ಮೇಲೆ ಯಾರೂ ಏನೂ ತುಂಬದ ಹಾಗೆ, ಕ್ಯಾಸೆಟ್ಟಿನ ಬೆನ್ನಿನ ಎರಡು ಪ್ಲಾಸ್ಟಿಕ್ ಚೂರುಗಳನ್ನು ಮುರಿದಳು.

ಅಜ್ಜಿ ಮೊರ ಹಿಡಿದುಕೊಂಡೇ ಕೇಳಿದಳು. “ಯಾರು ಮಗ ಈ ಪದ ಆಡಿದ್ದು?”

ಅತ್ತೆ ಟೇಪನ್ನು ಹಿಂದಕ್ಕೆ ಸುತ್ತಿ ಮತ್ತೆ ಮೊದಲಿಂದ ಹಾಕಿದಳು.

ಎರಡು ವರ್ಷದ ಮೇಲೆ ಹೆಮ್ಮರಗಾಲದ ಮೇಷ್ಟ್ರೊಬ್ಬರ ಜೊತೆ ಅತ್ತೆಯ ಮದುವೆಯಾಯಿತು. ಡಬ್ಬವನ್ನು ಸೀರೆಗಳಿಗಿಂತ ಮೊದಲು ಗಾಡಿಗೆ ಏರಿಸಿದಳು. ದೇವೀರಮ್ಮನ ಕ್ಯಾಸೆಟ್ಟನ್ನು ಮಾತ್ರ ನನ್ನ ಕೈಗಿಟ್ಟಳು. ಮಾರನೆಯ ದಿನ ನಾವೆಲ್ಲ ಉಂಡೆದ್ದ ಮೇಲೆ ಅಜ್ಜಿ ಪಾತ್ರೆ ತೊಳೆಯುತ್ತಿದ್ದಳು. ಗೂಡಿನಲ್ಲಿದ್ದ ಅತ್ತೆಯ ಗಂಗಳವನ್ನು ತೆಗೆದುಕೊಂಡು ಬಂದು, ಹುಣಸೆಹುಳಿ ಹಾಕಿ ಉಜ್ಜಿ, ನಮ್ಮ ಗಂಗಳಗಳ ಸಾಲಿನಲ್ಲಿಯೇ ಬೋರಲು ಹಾಕಿದಳು. ನಾನು ನೋಡುತ್ತಿರುವುದು ಕಂಡು “ಏನ್ ನೋಡ್ತಿದ್ದೀಯಾ, ಓದ್ಕೊ ಓಗು,” ಎಂದು ಗದರಿದಳು.

ಅಜ್ಜಿ ಈಗಿಲ್ಲ, ದೇವೀರಮ್ಮನೂ ಇಲ್ಲ. ನಾಗರಾಜಣ್ಣನ ಅಂಗಡಿಯಲ್ಲಿ ಈಗ ಮೊಬೈಲಿನ ಕವರುಗಳು ತೂಗುತ್ತವೆ. ಹೋದ ತಿಂಗಳು ಅತ್ತೆ ಬಂದಿದ್ದಾಗ ನನ್ನ ಮಗ ಹಳೆಯ ಸೆಟ್ಟೊಂದನ್ನು ಹುಡುಕಿ ತಂದು ಆ ಕ್ಯಾಸೆಟ್ಟು ಹಾಕಿದ. ಕೇಳಿ, “ಸ್ಪೀಡ್ ತಪ್ಪಿದೆ ಅಜ್ಜಿ, ಕಂಪ್ಯೂಟರಲ್ಲಿ ಸರಿ ಮಾಡಿಕೊಡ್ತೀನಿ. ಆ ಮುದುಕಿಯ ನಿಜವಾದ ದನಿ ಬರುತ್ತೆ,” ಎಂದ. ಅತ್ತೆ ತಲೆಯಾಡಿಸಿದಳು. “ಬ್ಯಾಡ ಕಣಪ್ಪ. ಅವಳು ಹುಡುಗಿಯಾಗಿ ಅಷ್ಟು ದೂರ ಹೋಗಿ ಸೇರ್ಕೊಂಡವ್ಳೆ. ಮತ್ತೆ ಯಾಕೆ ಕರ್ಕೊಂಡ್ ಬತ್ತೀಯ?”

ಮಗನ ಫೋನಿನಲ್ಲಿ ಜಗತ್ತಿನ ಹಾಡುಗಳೆಲ್ಲ ಇವೆ, ಎಲ್ಲವೂ ಪೂರ್ತಿಯಾಗಿ ಇವೆ. ಅವನ ಅದೃಷ್ಟ ಎಂದೇ ಅಂದುಕೊಳ್ಳುತ್ತೇನೆ. ಆದರೂ ಒಮ್ಮೊಮ್ಮೆ ಸಂಕಟವಾಗುತ್ತದೆ. ಅರ್ಧಕ್ಕೆ ನಿಂತ ಹಾಡೊಂದು ಈಗ ನನಗೆ ಎಲ್ಲೂ ಸಿಗುವುದಿಲ್ಲ. ಸಿಕ್ಕಿದ್ದರೆ, ಒಂದು ಚಿಪ್ಪು ಬಾಳೆಹಣ್ಣು ಹಿಡಿದು, ನನ್ನನ್ನು ಬೇಡ ಎಂದವರ ಮನೆಗೂ ಹೋಗಿ ಬಾಗಿಲು ತಟ್ಟಬಹುದಿತ್ತು.