ಬೀಗದ ಮಾವ ವಾಪಸ್ ಕೇಳಿದ ದುಡ್ಡು

ಬೀದಿಯ ತಿರುವಿನಲ್ಲಿ ಬೀಗ ರಿಪೇರಿ ಅಂಗಡಿಯೊಂದಿದೆ. ಒಳಗೆ ಮೇಜು ಹಾಕಿದರೆ ಮನುಷ್ಯ ಹೊರಗೆ ನಿಲ್ಲಬೇಕು, ಅಷ್ಟೇ ಜಾಗ. ಅದರ ಯಜಮಾನರು ಎಲ್ಲರಿಗೂ ಬೀಗದ ಮಾವ. ತುಕ್ಕು ಹಿಡಿದ ಎಂಥ ಬೀಗವೂ ಅವರ ಕೈಯಲ್ಲಿ ಬಾಯಿ ಬಿಡುತ್ತದೆ. ಬಾಯಿ ಬಿಡದ್ದು ಒಂದೇ, ಅವರ ಜೊತೆ ಉಣ್ಣುವವರ ಪರ್ಸು. ಮಾವ ಬಿಟ್ಟರೆ ತಾನೇ!

ಕೆಲಸ ಕಲಿಯುವ ವಯಸ್ಸಿನಲ್ಲಿ ಯಾರೋ ಅಂದಿದ್ದರಂತೆ, "ಇವನ ಕೈ ತಟ್ಟೆಗೆ ಬರುತ್ತೆ, ಜೇಬಿಗೆ ಹೋಗಲ್ಲ" ಎಂದು. ಆ ಮಾತು ಮುಳ್ಳಿನಂತೆ ಒಳಗೇ ಉಳಿಯಿತು. ಎದುರಿನ ಹೋಟೆಲಿನಲ್ಲಿ ಕೈ ತೊಳೆಯುವ ನಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಇದೆ. ಮಾವ ಗಬಗಬನೆ ಉಂಡು ಎಲ್ಲರಿಗಿಂತ ಮೊದಲು ಏಳುವರು. ಒಂದು ಕೈ ನಲ್ಲಿಯ ಕೆಳಗೆ, ಇನ್ನೊಂದು ಜೇಬಿನೊಳಗೆ. ಜೊತೆಯವರೂ ಗಬಗಬನೆ ಉಣ್ಣಲು ಕಲಿತ ಮೇಲೆ ಮಾವ ಬೇರೆ ದಾರಿ ಹಿಡಿದರು. ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆಯೇ ಹೋಟೆಲಿಗೆ ಹೋಗಿ ಮಧ್ಯಾಹ್ನದ ಊಟಕ್ಕೆಂದು ದುಡ್ಡು ಇಟ್ಟು ಬರತೊಡಗಿದರು.

ಪಕ್ಕದ ದರ್ಜಿ ಅಂಗಡಿಯಲ್ಲಿ ಗುಂಡಿ ಹೊಲಿಯುತ್ತಿದ್ದ ಹುಡುಗಿ ಮೂರು ವರ್ಷ ಹೀಗೆ ಅವರ ಜೊತೆ ಉಂಡಳು. ಹೋದ ತಿಂಗಳು ಅವಳದೇ ಅಂಗಡಿಯಾಯಿತು, ಎರಡು ಮಿಷನ್ನು ಬಂದವು. ಮೊದಲ ದೊಡ್ಡ ಕೆಲಸ, ನಲವತ್ತು ಸಮವಸ್ತ್ರ, ಮುಗಿಸಿ ಕೊಟ್ಟ ದಿನ ಊಟದ ಹೊತ್ತಿಗೆ ಬಂದು ಮಾವನ ಬಾಗಿಲಲ್ಲಿ ನಿಂತಳು.

"ಮಾವ, ಇವತ್ತಿನ ಊಟ ನನ್ನದು."

"ಆಗಲಿ ಬಿಡಮ್ಮ."

"ನಿಮ್ಮ 'ಆಗಲಿ ಬಿಡು' ನಂಗೆ ಗೊತ್ತು. ಇವತ್ತೂ ನೀವೇ ಕೊಟ್ರೆ ನಾಳೆಯಿಂದ ನಾನು ಆ ಟೇಬಲ್ಲಿಗೆ ಬರಲ್ಲ. ಇನ್ನೂ ಗುಂಡಿ ಹೊಲಿಯೋಳು ಅಂತಲೇ ಅಂದ್ಕೊಂಡಿದ್ದೀರಾ ನನ್ನ?"

ಅವಳ ಮುಖದಲ್ಲಿ ನಗುವಿರಲಿಲ್ಲ. ಮಾವ ಎದುರಿನ ಹೋಟೆಲಿನ ಕಡೆ ನೋಡಿದರು. ದುಡ್ಡು ಬೆಳಿಗ್ಗೆಯೇ ಗಲ್ಲಾಪೆಟ್ಟಿಗೆ ಸೇರಿಯಾಗಿತ್ತಲ್ಲ!

ಹೋಟೆಲಿನಲ್ಲಿ ಅವಳು ಅವರನ್ನು ಗೋಡೆಯ ಕಡೆ ಕೂರಿಸಿ, ದಾರಿಗೆ ಅಡ್ಡಲಾಗಿ ತಾನು ಕೂತಳು. ಮಾವ ಬರೀ ಅನ್ನ, ಪಲ್ಯ ಹೇಳಿದರು.

"ಯಾಕೆ, ಮೀನು ಕಣ್ಣಿಗೆ ಬೀಳಲಿಲ್ವಾ? ನೀವು ಕೊಡೋ ದಿನ ನನ್ನ ತಟ್ಟೆಗೆ ಎರಡೆರಡು ಹಾಕಿಸ್ತಿದ್ರಿ."

ಹುರಿದ ಮೀನು ಬಂತು. ಅರ್ಧ ತಿನ್ನುವಷ್ಟರಲ್ಲಿ ಮಾವ ಕಣ್ಣುಜ್ಜಿಕೊಂಡು ಎದ್ದರು. "ಖಾರ ಕಣ್ಣಿಗೆ ಹೋಯ್ತು. ತೊಳ್ಕೊಂಡು ಬಂದೆ."

ನಲ್ಲಿಯ ಹತ್ತಿರ ಹೋಗಿ ಹೋಟೆಲಿನ ಯಜಮಾನಿಯ ಕಡೆ ಬಾಗಿ ಪಿಸುಗುಟ್ಟಿದರು. "ಬೆಳಿಗ್ಗೆ ಕೊಟ್ಟಿದ್ದು ವಾಪಸ್ ಕೊಡು ತಾಯಿ."

"ಏನಣ್ಣ, ಹುಷಾರಿಲ್ವಾ? ಊಟದಲ್ಲಿ ಏನಾದ್ರೂ ಬಿತ್ತಾ?" ಆಕೆಯ ಗಂಟಲು ಮೊದಲೇ ದೊಡ್ಡದು.

"ಮೆಲ್ಲಗೆ. ಏನೂ ಬಿದ್ದಿಲ್ಲ. ಆ ಹುಡುಗಿ ಕೊಡ್ತಾಳಂತೆ, ಕೊಡಲಿ. ನಾಳೆ ಅವಳು ಬರದೇ ಹೋದ್ರೆ ನಂಗೆ ಅನ್ನ ಇಳಿಯಲ್ಲ."

"ಕಣ್ಣುರಿ ಹೋಯ್ತಾ ಮಾವ?"

ತಿರುಗಿದರೆ ಹಿಂದೆಯೇ ಅವಳು, ಎಂಜಲು ಕೈಯನ್ನು ಎತ್ತಿ ಹಿಡಿದುಕೊಂಡು. ಮಾವ ಸಿಕ್ಕಿಬಿದ್ದ ಕಳ್ಳನಂತೆ ನಿಂತರು. ಯಜಮಾನಿ ನೋಟುಗಳನ್ನು ತೆಗೆದು ಅವರ ಒದ್ದೆ ಕೈಗಿಟ್ಟಳು. ಹುಡುಗಿ ನಗು ತಡೆಯಲಾರದೆ ಗೋಡೆಗೆ ಒರಗಿದಳು. ಆಮೇಲೆ ಕೈ ತೊಳೆದು, ಸಮವಸ್ತ್ರದ ತುಂಡುಬಟ್ಟೆಯಲ್ಲಿ ಹೊಲಿದ ಚೀಲ ಬಿಚ್ಚಿ ಬಿಲ್ ತೀರಿಸಿದಳು.

ಮಾವ ಮತ್ತೆ ತಟ್ಟೆಯ ಮುಂದೆ ಕೂತರು. ಇನ್ನು ಓಡುವ ಅವಸರವಿರಲಿಲ್ಲ. ಉಳಿದರ್ಧ ಮೀನನ್ನು ಮುಳ್ಳು ಬಿಡಿಸಿ ಬಿಡಿಸಿ ತಿಂದರು.

"ಇಲ್ಲಿ ಮೀನು ಇಷ್ಟು ಚೆನ್ನಾಗಿ ಮಾಡ್ತಾರಾ?"

"ಮೂವತ್ತು ವರ್ಷದಿಂದ ಇನ್ನೇನು ತಿಂತಿದ್ರಿ ಅಣ್ಣ?" ಗಲ್ಲಾಪೆಟ್ಟಿಗೆಯ ಹಿಂದಿನಿಂದ ಯಜಮಾನಿ ಕೇಳಿದಳು.

ಮಾವ ಬೆರಳು ನೆಕ್ಕಿಕೊಂಡು ಹುಡುಗಿಯ ಕಡೆ ನೋಡಿದರು. "ಇನ್ನೊಂದು ಹೇಳಮ್ಮ. ಚೀಲದಲ್ಲಿ ಉಳಿದಿದೆ ತಾನೇ?"

ಅವಳು ಆಗಲೇ ಚೀಲ ಬಿಚ್ಚುತ್ತಿದ್ದಳು.