ಹೊಗೆಯಿಲ್ಲದ ಪ್ರಾರ್ಥನೆ

ಆ ದಿನ ಬೆಳಗ್ಗೆಯೂ ಎಂದಿನಂತೆ ಹಾಲು ಒಲೆಯ ಮೇಲಿಟ್ಟು, ಅದು ಉಕ್ಕುವಷ್ಟರಲ್ಲಿ ತಲೆಗೆ ಎಣ್ಣೆ ಹಚ್ಚಿಕೊಂಡು ಜಡೆ ಹಾಕಿಕೊಂಡೆ. ಕಾನ್ವೆಂಟಿನಿಂದ ಬಂದ ಅಭ್ಯಾಸ. ಎಣ್ಣೆ ಕಾಣದ ತಲೆಯವರನ್ನು ನಮ್ಮ ಸಿಸ್ಟರ್ ಸಾಲಿನಿಂದ ಹೊರಗೆ ನಿಲ್ಲಿಸುತ್ತಿದ್ದರು. ಯಜಮಾನರು ಡಬ್ಬಿ ಹಿಡಿದು ಶ್ರೀನಿವಾಸಪುರದ ಬಸ್ಸಿಗೆ ಹೋದ ಮೇಲೆ ಮಾತೆಯ ಪಟದ ಮುಂದೆ ಜಪಸರ ತೆಗೆದುಕೊಂಡು ಕೂತೆ. ಬೆರಳು ಇನ್ನೂ ಮೊದಲ ಮಣಿಗಳಲ್ಲೇ ಇತ್ತು, ಗೋಡೆಯಾಚೆಯಿಂದ ಪಕ್ಕದ ಮನೆಯಾಕೆ ಕೂಗಿದಳು.

“ಅಕ್ಕಾ, ಒಂದ್ ಗಳಿಗೆ ಬಂದು ಅವ್ರಿಗೆ ಪ್ರಾರ್ಥನೆ ಮಾಡ್ತೀರಾ?”

ಅವಳ ಗಂಡನಿಗೆ ಬೆನ್ನುಮೂಳೆಗೆ ಕ್ಯಾನ್ಸರ್ ಹರಡಿತ್ತು. ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕೋಲಾರದ ಆಸ್ಪತ್ರೆಯಿಂದ ಕಳಿಸಿದ್ದರು. ನೋಡಲು ಯಾರೂ ಹೋಗಿರಲಿಲ್ಲ, ನಾನೂ ಹೋಗಿರಲಿಲ್ಲ. ಅವರ ಮನೆಯಲ್ಲಿ ರೇಷ್ಮೆ ಹುಳ ಕೊನೆಯ ಹಂತಕ್ಕೆ ಬಂದಿದ್ದವು. ಹೊರಗಿನ ಸೋಂಕು, ವಾಸನೆ ಹುಳಕ್ಕೆ ಆಗದೆಂದು ಅಂಥ ಮನೆಗೆ ನಮ್ಮ ಕಡೆ ಯಾರೂ ಕರೆಯದೆ ಕಾಲಿಡುವುದಿಲ್ಲ.

ನಾನು ನೋವಿಗೆ ಹಚ್ಚುವ ಮುಲಾಮಿನ ಸಣ್ಣ ಸೀಸೆಯನ್ನು ಕೈಯಲ್ಲಿ ಹಿಡಿದುಕೊಂಡೇ ಹೊರಟೆ. ಹುಡುಗಿಯಾಗಿದ್ದಾಗ, ನೀನೂ ಸಿಸ್ಟರ್ ಆಗು ಎಂಬ ದೈವಕರೆಗಾಗಿ ಎಷ್ಟು ಕಾದಿದ್ದೆ! ಬಂದರೆ ತಾನಾಗಿ ತಿಳಿಯುತ್ತದೆ ಎಂದಿದ್ದರು ಸಿಸ್ಟರ್. ಬಂದದ್ದು ಮುಳಬಾಗಿಲಿನಿಂದ ಮದುವೆಯ ಮಾತು. ಇವತ್ತು ಗೋಡೆಯಾಚೆಯಿಂದ ಯಾರೋ ಪ್ರಾರ್ಥನೆಗೆಂದು ಕರೆದದ್ದೇ ನನಗೆ ದೊಡ್ಡದಾಗಿ ಕಂಡಿತು.

ಸೋಂಕು ಒಳಗೆ ಬಾರದಂತೆ ಹೊಸ್ತಿಲಲ್ಲಿ ಸುಣ್ಣದ ಪುಡಿ ಚೆಲ್ಲಿದ್ದರು. ಅದನ್ನು ತುಳಿದು ಒಳಗೆ ಹೋಗಬೇಕು. ತುಳಿದೆ. ಅವಳು ಎದುರಿಗೆ ಬಂದವಳೇ ಮೂಗೆಳೆದಳು.

“ಅಕ್ಕಾ, ತಲೆಗೆ ಎಣ್ಣೆ ಹಚ್ಚಿದ್ದೀರಾ?”

“ದಿನಾ ಹಚ್ಚೋದಲ್ವಾ?”

“ಅಯ್ಯೋ ದೇವ್ರೇ! ನಿಮ್ ಪ್ರಾರ್ಥನೇಲಿ ಊದುಬತ್ತಿ ಇಲ್ಲ, ಕರ್ಪೂರ ಇಲ್ಲ, ಹೊಗೆ ಇಲ್ಲ ಅಂತಾನೇ ನಿಮ್ಮನ್ನ ಕರೆದಿದ್ದು. ಪೂಜಾರಪ್ಪನ್ನ ಕರೆದ್ರೆ ಮನೆ ತುಂಬ ಧೂಪ ಹಾಕ್ತಾನೆ. ನೀವು ನೋಡಿದ್ರೆ ಮಲ್ಲಿಗೆ ಎಣ್ಣೆ ಹಚ್ಕೊಂಡು ಬಂದಿದ್ದೀರಾ!”

ನನ್ನ ತಲೆಗೆ ಒದ್ದೆ ಟವೆಲ್ ಸುತ್ತಿ, ಬಾಗಿಲ ಪಕ್ಕದಲ್ಲೇ ಕೂರಿಸಿದಳು.

ಇದ್ದದ್ದು ಒಂದೇ ದೊಡ್ಡ ಕೋಣೆ. ಅರ್ಧಕ್ಕೆ ಅಟ್ಟಣೆ ಕಟ್ಟಿ ಹುಳ ಬಿಟ್ಟಿದ್ದರು. ಇನ್ನರ್ಧದಲ್ಲಿ ಚಾಪೆಯ ಮೇಲೆ ಆತ ಗೋಡೆಗೆ ಮುಖ ಮಾಡಿ ಮಲಗಿದ್ದ. ಹುಳ ಸೊಪ್ಪು ತಿನ್ನುವ ಸದ್ದು ಒಣಗಿದೆಲೆಯ ಮೇಲೆ ಹನಿ ಬಿದ್ದ ಹಾಗೆ ಬಿಡದೆ ಕೇಳುತ್ತಿತ್ತು. ಅದರ ನಡುವೆ ಅವನ ನರಳಾಟ. ಅವಳು ಬರಿಗೈಯಲ್ಲಿ ಅವನ ಬೆನ್ನು ನೀವುತ್ತಿದ್ದಳು.

ನಾನು ಸೀಸೆಯ ಮುಚ್ಚಳಕ್ಕೆ ಕೈಹಾಕಿದೆ. ಆತ ಹೇಗೋ ಕತ್ತು ತಿರುಗಿಸಿದ.

“ತೆಗೀಬೇಡಿ ಅಮ್ಮಾ. ಆ ವಾಸ್ನೆ ಬಂದ್ರೆ ಹುಳ ಸೊಪ್ಪು ಮುಟ್ಟಲ್ಲ.”

“ಮುಲಾಮು ಹಚ್ಚಿದ್ರೆ ಒಂಚೂರು ಕಣ್ಣು ಮುಚ್ತಿದ್ರು ಅಕ್ಕಾ,” ಎಂದಳು ಅವಳು. “ಮಾತ್ರೆ ಕೊಟ್ರೆ ವಾಂತಿ ಮಾಡ್ಕೋತಾರೆ. ಈಗ ಮುಲಾಮೂ ಬೇಡ ಅಂತಾರೆ. ಮರಿ ಹುಳ ತಂದಾಗ ಬರೀ ಬೆನ್ನುನೋವು ಅಂದ್ಕೊಂಡಿದ್ವಿ.”

“ನಮ್ಮನೆಗೆ ಕರ್ಕೊಂಡ್ಹೋಗೋಣ. ಅಲ್ಲಿ ಹಚ್ಚಬಹುದು.”

“ಎತ್ತಕ್ಕೆ ಹೋದ್ರೆ ಕಿರುಚ್ತಾರೆ. ಏಂ ಚೇಸೇದಿ ಅಕ್ಕಾ, ಏಂ ಚೇಸೇದಿ?” ಕಷ್ಟ ಬಂದಾಗ ಏನು ಮಾಡಲಿ ಎಂದು ಕೇಳುವುದೂ ಅವಳಿಗೆ ತೆಲುಗಿನಲ್ಲೇ.

ನಾನು ಕಣ್ಣು ಮುಚ್ಚಿದೆ. ಗುಣಪಡಿಸು ಎನ್ನಲು ಬಾಯಿ ಬರಲಿಲ್ಲ. ಡಾಕ್ಟರೇ ಕೈಬಿಟ್ಟಿದ್ದಾರೆಂದು ಅವನಿಗೂ ಗೊತ್ತಿತ್ತು. ತಾಳಿಕೊಳ್ಳುವ ಶಕ್ತಿ ಕೊಡು ಎನ್ನೋಣವೆಂದರೆ, ತಾಳಿಕೊಳ್ಳುತ್ತಿರುವವನ ಎದುರಿಗೇ ಕೂತು ಅದನ್ನು ಕೇಳುವುದು ಹೇಗೆ? ಬಾಯಿಪಾಠವಾದ ಜಪವನ್ನೇ ಮೆಲ್ಲಗೆ ಶುರು ಮಾಡಿದೆ. ನಡುವೆ ಅವಳು ಎದ್ದುಹೋಗಿ ಹಿಪ್ಪುನೇರಳೆ ಸೊಪ್ಪು ಹರಡಿ ಬಂದಳು. ನಾನು ಹೇಳುತ್ತಲೇ ಇದ್ದೆ.

ಮುಗಿದಾಗ ಆತ, “ಅಮ್ಮಾ, ಏನಂತಾರೆ ನಿಮ್ಮ ಯೇಸಪ್ಪ?” ಎಂದ. ನಗುತ್ತಿದ್ದನೋ ಹಲ್ಲು ಕಚ್ಚಿದ್ದನೋ ತಿಳಿಯಲಿಲ್ಲ. “ಅವ್ರು ಕರೆದ್ರೆ ನಾನು ರೆಡಿ. ಆದ್ರೆ ಹುಳ ಗೂಡು ಕಟ್ಲಿ ಮೊದ್ಲು. ಇವಳೊಬ್ಳೇ ಏನ್ ಮಾಡ್ತಾಳೆ?”

“ಸುಮ್ನಿರಿ, ಸಾಕು ನಿಮ್ ಮಾತು!” ಎಂದು ಅವಳು ಗದರಿದಳು. ಕೈ ಮಾತ್ರ ನೀವುವುದನ್ನು ಬಿಡಲಿಲ್ಲ.

ಹುಳ ಬಲಿತು ಹಣ್ಣಾದರೆ ಸೊಪ್ಪು ತಿನ್ನುವುದನ್ನು ಬಿಡುತ್ತವೆ. ಆಮೇಲೆ ಅವನ್ನು ಆರಿಸಿ ಚಂದ್ರಿಕೆಗೆ, ಎಂದರೆ ಗೂಡು ಕಟ್ಟುವ ಬಿದಿರಿನ ತಟ್ಟೆಗೆ ಬಿಟ್ಟು, ಹೊರಗೆ ಚಪ್ಪರದಡಿ ನಿಲ್ಲಿಸುತ್ತಾರೆ. ಆಗ ಕೋಣೆ ಖಾಲಿ. ಮುಲಾಮು ಹಚ್ಚಬಹುದು. ಮನೆಗೆ ಬಂದು ಪಟದ ಮುಂದೆ ಮತ್ತೆ ಕೂತಾಗ ನನಗೆ ಕೇಳಲು ಉಳಿದದ್ದು ಅದೊಂದೇ: ಸ್ವಾಮಿ, ಹುಳ ಇವತ್ತೇ ಹಣ್ಣಾಗಲಿ. ನೋವಿನಲ್ಲಿರುವ ಮನುಷ್ಯನಿಗಾಗಿ ಕರೆಸಿಕೊಂಡವಳು ಹುಳಕ್ಕಾಗಿ ಬೇಡಿದೆ. ಬೇರೆ ಏನು ಬೇಡಬೇಕೋ ನನಗೆ ನಿಜವಾಗಿ ಗೊತ್ತಾಗಲಿಲ್ಲ, ಈಗಲೂ ಗೊತ್ತಿಲ್ಲ.

ಅಡುಗೆಮನೆಯ ಕಿಟಕಿಯಿಂದ ದಿನವೆಲ್ಲ ಅವನ ದನಿ ಕೇಳುತ್ತಿತ್ತು. ಕುಕ್ಕರ್ ಸೀಟಿ ಹೊಡೆದಾಗ ಮಾತ್ರ ಕೇಳುತ್ತಿರಲಿಲ್ಲ. ಕುಕ್ಕರ್ ಇಳಿಸಿದ ಮೇಲೆ ಮತ್ತೆ ಅದೇ.

ದೀಪ ಹಚ್ಚುವ ಹೊತ್ತಿಗೆ ಅವಳು ಹುಳ ತಿಂದುಳಿದ ಕಡ್ಡಿಗಳನ್ನು ಗೋಡೆ ಪಕ್ಕದ ತಿಪ್ಪೆಗೆ ಸುರಿಯಲು ಬಂದಳು. ನಾನು ಹಿತ್ತಲಿಗೆ ಓಡಿದೆ.

“ಹುಳ ಹಣ್ಣಾದ್ವಾ?”

“ಎಲ್ಲಿ ಅಕ್ಕಾ, ಇನ್ನೂ ತಿಂತಾನೇ ಅವೆ,” ಎಂದು ಬುಟ್ಟಿಯನ್ನು ಗೋಡೆಗೆ ಬಡಿದು ಧೂಳು ಕೊಡವಿದಳು. “ನಾಳೆ ಬರೋವಾಗ ತಲೆಗೆ ಎಣ್ಣೆ ಹಚ್ಕೋಬೇಡಿ.”